ಅಂಗಳದಲ್ಲಿ ಕತ್ತಿವರಸೆ

ದಸರಾ ರಜೆಗೆ ಬೆಂಗಳೂರಿನಿಂದ ರಬಕವಿಗೆ ಬಂದ ಮೊಮ್ಮಗಳು ಚೀಲ ಇಳಿಸುವ ಮೊದಲೇ, "ಅಜ್ಜಾ, ಎರಡು ಬಿದಿರು ಕೋಲು ಬೇಕು" ಅಂದಳು. ಶಾಲೆಯಲ್ಲಿ ಫೆನ್ಸಿಂಗ್ ಕಲಿಯುತ್ತಿದ್ದಾಳಂತೆ. "ಭವಾನಿ ದೇವಿ ಕೂಡ ಬಿದಿರು ಕೋಲಿನಲ್ಲೇ ಅಭ್ಯಾಸ ಮಾಡಿದ್ದು" ಎಂದೂ ಸೇರಿಸಿದಳು.

ಮಾತು ನಿಜ. ಚೆನ್ನೈನ ಭವಾನಿ ದೇವಿ ಶಾಲೆಯಲ್ಲಿ ಆಟ ಶುರು ಮಾಡಿದ್ದು 2004ರಲ್ಲಿ. ಆಗ ಕತ್ತಿ ಪಂದ್ಯಕ್ಕೆ ಮಾತ್ರ, ಅಭ್ಯಾಸಕ್ಕೆ ಬಿದಿರು. ಮುಂದೆ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸರ್ ಆದರು. 2021ರ ಜುಲೈ 26ರಂದು ಟೋಕಿಯೊದಲ್ಲಿ ಮೊದಲ ಪಂದ್ಯ 15-3ರಿಂದ ಗೆದ್ದು, ಎರಡನೆಯದರಲ್ಲಿ 7-15ರಿಂದ ಸೋತರು.

ನಾನು ಗರಡಿಯಲ್ಲಿ ಬೆಳೆದವ. ಮಗ್ಗದಿಂದ ಎದ್ದವನೇ ಕೆಂಪು ಮಣ್ಣಿಗೆ ಇಳಿದು ಬಸ್ಕಿ, ದಂಡ ಹೊಡೆಯುತ್ತಿದ್ದೆ. ನನ್ನ ತಂಗಿ ದಿನಾ ಬಾಗಿಲ ತನಕ ಬಂದು ನಿಲ್ಲುತ್ತಿದ್ದಳು. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ.

ಆಟದ ಪಟ್ಟಿ 14 ಮೀಟರ್ ಉದ್ದ ಇರಬೇಕಂತೆ. ನಮ್ಮ ಅಂಗಳ ಅದರ ಅರ್ಧವೂ ಇಲ್ಲ. ಅವಳದು ಸೇಬರ್. ಸೊಂಟದ ಮೇಲೆ ಎಲ್ಲಿ ತಾಗಿದರೂ ಅಂಕ. ನಮಗೆ ಮುಖವಾಡ ಇಲ್ಲದ್ದರಿಂದ ತೋಳಿಗೆ ಮಾತ್ರ, ಅದೂ ಮೆಲ್ಲಗೆ ಎಂದು ಕರಾರಾಯಿತು. (ಮಕ್ಕಳೇ, ನೀವೂ ಮುಖದ ಹತ್ತಿರ ಕೋಲು ತರಬೇಡಿ.)

ತೋಳಲ್ಲಿ ಇನ್ನೂ ಕಸುವಿದೆ ಎಂಬ ಧೈರ್ಯದಿಂದ ನುಗ್ಗಿದೆ. ಅವಳು ಒಂದೇ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಕೋಲು ಗಾಳಿಗೆ ಹೋಯಿತು, ಅವಳದು ನನ್ನ ಮುಂಗೈಗೆ ತಾಗಿತು. ಹೀಗೆ ಐದು ಸಲ! ಆರನೆಯ ಸಲ ನಾನು ನುಗ್ಗಲಿಲ್ಲ, ಕಾದೆ. ಅವಳು ಭುಜಕ್ಕೆ ಬರುವಂತೆ ತೋರಿಸಿ ಮಣಿಕಟ್ಟಿಗೆ ತಾಗಿಸಿದಳು.

"ಅಜ್ಜಾ, ನೀನು ಕೋಲು ನೋಡ್ತೀಯ. ನಾನು ನಿನ್ನ ಕಾಲು ನೋಡ್ತೀನಿ" ಅಂದಳು. ಇಬ್ಬರಿಗೂ ಒಟ್ಟಿಗೇ ತಾಗಿದರೆ ಮೊದಲು ದಾಳಿ ಆರಂಭಿಸಿದವರಿಗೆ ಅಂಕವಂತೆ. ಹಾಗಾಗಿ ಯಾರು ಹೆಜ್ಜೆ ಎತ್ತಿದರು, ನಡುವೆ ಎಷ್ಟು ಅಂತರ ಉಳಿಯಿತು ಎಂಬುದೇ ದೊಡ್ಡ ಲೆಕ್ಕ.

ಅವಳ ಸಾಮು ಬೇರೆ ತರಹ. ಮುಂಗಾಲು ಚಾಚಿ ಮೊಣಕಾಲು ಮಡಿಸಿ, ಹಿಂಗಾಲು ನೆಟ್ಟಗೆ ಮಾಡಿ ಮುನ್ನುಗ್ಗುವುದಕ್ಕೆ ಲಂಜ್ ಎನ್ನುತ್ತಾರೆ. ಹೋದಷ್ಟೇ ಬೇಗ ಹಿಂದಕ್ಕೂ ಬರಬೇಕು. ನೂರು ಬಸ್ಕಿ ಹೊಡೆದ ನಾನು ಹನ್ನೆರಡಕ್ಕೆ ಕಟ್ಟೆ ಹಿಡಿದು ಕೂತೆ. ಸದಾ ಒಂದೇ ಕಾಲು ಮುಂದಿಟ್ಟು ಆಡುವುದರಿಂದ ಇನ್ನೊಂದು ಕಾಲಿಗೂ ಬೇರೆಯಾಗಿ ಕಸರತ್ತು ಕೊಡಬೇಕಂತೆ. ಇದು ನಮ್ಮ ವಸ್ತಾದರೂ ಒಪ್ಪುವ ಮಾತು.

ಚುರುಕಿಗೆ ಇನ್ನೊಂದು ಅಭ್ಯಾಸ: ಎದುರಿನವರು ಕೈಗವಸನ್ನು ಸುಳಿವು ಕೊಡದೆ ಬೀಳಿಸುತ್ತಾರೆ, ಅದು ನೆಲ ಮುಟ್ಟುವ ಮೊದಲು ಲಂಜ್ ಮಾಡಿ ಹಿಡಿಯಬೇಕು.

ಕೈಗವಸು ಇರಲಿಲ್ಲ. ಹಬ್ಬಕ್ಕೆಂದು ಬನಹಟ್ಟಿಯಿಂದ ಬಂದಿದ್ದ ತಂಗಿ ಹಳೆಯ ಕಾಲುಚೀಲವೊಂದನ್ನು ಗಂಟು ಹಾಕಿ ತಂದು ಎದುರಿಗೆ ನಿಂತಳು. ನನ್ನನ್ನು ಮಾತಿಗೆಳೆದು, ನಡುವೆಯೇ ಬೀಳಿಸಿಬಿಟ್ಟಳು. "ತಡಾ ಆತು ಅಣ್ಣಾ, ಮತ್ತ ನಿಲ್ಲು" ಅಂದಳು.