ಚೀಟಿಯಲ್ಲಿ ಬರೆದ ನಡಿಗೆ

ರೋಗಿಯಾದವನು ವೈದ್ಯರಿಂದ ಮಾತ್ರೆಯನ್ನೋ ಚುಚ್ಚುಮದ್ದನ್ನೋ ನಿರೀಕ್ಷಿಸುವುದು ಸಹಜ. ‘ದಿನವೂ ನಡೆಯಿರಿ’ ಎಂದು ಅವರು ಹೇಳಿದರೆ, ಅದನ್ನು ಬರಿಯ ಉಪಚಾರದ ಮಾತೆಂದು ಬಗೆದು ಬಾಗಿಲು ದಾಟುವಷ್ಟರಲ್ಲಿಯೇ ಮರೆತುಬಿಡುತ್ತಾನೆ. ಆದರೆ ದೇಹಶ್ರಮವೂ ಒಂದು ಮದ್ದೆಂಬುದು ಬಲು ಹಳೆಯ ತಿಳಿವಳಿಕೆ. ಸುಶ್ರುತಸಂಹಿತೆಯು ಪ್ರಮೇಹ ರೋಗಿಗಳಿಗೆ ದೀರ್ಘ ನಡಿಗೆಯನ್ನೂ ಬಾವಿ ತೋಡುವಂತಹ ದುಡಿಮೆಯನ್ನೂ ವಿಧಿಸಿದೆ.

ಆಧುನಿಕ ವಿಜ್ಞಾನವು ಈ ತಿಳಿವಳಿಕೆಗೆ ಆಧಾರವನ್ನು ಒದಗಿಸಿತು. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕರು ದಿನವಿಡೀ ಕುಳಿತೇ ಇರುತ್ತಿದ್ದರು. ನಿರ್ವಾಹಕರಾದರೋ ಟಿಕೆಟು ಕೊಡಲು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದರು. ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ಈ ಇಬ್ಬಗೆಯ ನೌಕರರ ಆರೋಗ್ಯವನ್ನು ಹೋಲಿಸಿ, 1953ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹೃದ್ರೋಗವು ನಿರ್ವಾಹಕರಲ್ಲಿ ಕಡಿಮೆಯಾಗಿತ್ತು. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ನಿತ್ಯದ ನಡಿಗೆಯಿಂದ ಹೃದಯವು ಬಲಗೊಳ್ಳುತ್ತದೆ, ರಕ್ತದೊತ್ತಡವು ತಗ್ಗುತ್ತದೆ.

ಇಷ್ಟು ತಿಳಿದಿದ್ದರೂ ರೋಗಿಗಳು ನಡೆಯುವುದಿಲ್ಲವೇಕೆ? ಎಷ್ಟು ಹೊತ್ತು, ಎಲ್ಲಿ, ಯಾವಾಗ ಎಂಬುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ನ್ಯೂಜಿಲೆಂಡ್ ದೇಶದಲ್ಲಿ ವೈದ್ಯರು ‘ಹಸಿರು ಚೀಟಿ’ಯೊಂದರಲ್ಲಿ ವ್ಯಾಯಾಮವನ್ನು ಬರೆದುಕೊಡುವ ಪ್ರಯೋಗ ನಡೆಯಿತು. ಬಾಯಿಮಾತಿನ ಸಲಹೆಗಿಂತ ಬರೆದುಕೊಟ್ಟ ಸಲಹೆಯು ಹೆಚ್ಚು ಫಲ ನೀಡಿತೆಂದು 1998ರಲ್ಲಿ ಪ್ರಕಟವಾದ ಅದರ ವರದಿ ತಿಳಿಸಿತು.

ಇದರ ಸತ್ಯವನ್ನು ನಾನೂ ಕಂಡಿದ್ದೇನೆ. ನನಗೆ ಮಧುಮೇಹವು ತಲೆದೋರಿದಾಗ ವೈದ್ಯರೊಬ್ಬರು ‘ವ್ಯಾಯಾಮ ಮಾಡಿ’ ಎಂದಷ್ಟೇ ಹೇಳಿದ್ದರು. ತಲೆದೂಗಿ ಬಂದ ನಾನು ಆರು ತಿಂಗಳು ಕುರ್ಚಿಯಿಂದ ಕದಲಲಿಲ್ಲ. ತರುವಾಯ ಕಂಡ ವೈದ್ಯರು ನನ್ನ ಎದೆಬಡಿತವನ್ನೂ ಪಾದಗಳನ್ನೂ ಪರೀಕ್ಷಿಸಿ, “ಮೇಷ್ಟ್ರೇ, ನಿಮ್ಮ ಮನೆಯಿಂದ ಕೆರೆಯ ಏರಿ ಎಷ್ಟು ದೂರ?” ಎಂದು ಕೇಳಿದರು. ಬಳಿಕ ಮಾತ್ರೆಗಳ ಹೆಸರಿನ ಕೆಳಗೆ, ‘ಸಂಜೆ ಕೆರೆಯ ಕಡೆಗೆ 10 ನಿಮಿಷ ನಡಿಗೆ, ವಾರವಾರವೂ 5 ನಿಮಿಷ ಹೆಚ್ಚಿಸುವುದು’ ಎಂದು ಬರೆದರು. ತಿಂಗಳ ಮೇಲೆ ಹೋದಾಗ ಅವರು ಮೊದಲು ವಿಚಾರಿಸಿದ್ದು ನನ್ನ ನಡಿಗೆಯನ್ನೇ. ಕೇಳುವವರೊಬ್ಬರು ಇದ್ದಾರೆಂಬ ಅರಿವು ನನ್ನನ್ನು ದಿನವೂ ಎಬ್ಬಿಸಿ ನಡೆಸಿತು.

ಮದ್ದಿಗೆ ಪ್ರಮಾಣವಿರುವಂತೆ ನಡಿಗೆಗೂ ಪ್ರಮಾಣ ಉಂಟು. ವಯಸ್ಕರಿಗೆ ವಾರದಲ್ಲಿ ಕನಿಷ್ಠ 150 ನಿಮಿಷಗಳ ಬಿರುಸಾದ ನಡಿಗೆ ಅಥವಾ ಅಷ್ಟೇ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಆದರೆ ಎದೆನೋವು ಉಳ್ಳವನಿಗೂ ಕಾಲು ಸೋತ ಮುದುಕಿಗೂ ಒಂದೇ ಅಳತೆ ಸಲ್ಲದು. ಆಯಾ ರೋಗಿಗೆ ತಕ್ಕ ಅಳತೆಯನ್ನು ಗೊತ್ತುಮಾಡುವುದು ವೈದ್ಯರ ಹೊಣೆ. ನಡೆಯುತ್ತಿದ್ದೇನೆಂದು ಮಾತ್ರೆಯನ್ನು ತಾನಾಗಿ ಬಿಟ್ಟುಬಿಡುವುದೂ ತಪ್ಪು.

ವಿದ್ಯಾರ್ಥಿಗಳೇ, ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ಅದೇ ಸಂಸ್ಥೆ ಹೇಳಿದೆ. ಅಜ್ಜನಿಗೋ ಅಜ್ಜಿಗೋ ನೀವು ಅಂಗಡಿಯಿಂದ ಮಾತ್ರೆ ತಂದುಕೊಡುತ್ತೀರಿ. ಅವರ ಚೀಟಿಯಲ್ಲಿ ನಡಿಗೆಯೂ ಇದ್ದರೆ, ಸಂಜೆ ಅವರ ಕೈಹಿಡಿದು ಜೊತೆಗೆ ಹೆಜ್ಜೆಹಾಕಿರಿ. ಆ ಮದ್ದಿನಲ್ಲಿ ನಿಮಗೂ ಪಾಲುಂಟು.