ತೋರಿಸುವುದು ಬೇರೆ, ಕೈಗೆ ಕೊಡುವುದು ಬೇರೆ

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದಲು ಕೂತಿದ್ದೆವು. ಪುಟ ಕಟ್ಟುವವರು ಮೈಸೂರಿನ ತಮ್ಮ ಡಿಟಿಪಿ ಅಂಗಡಿಯಲ್ಲಿ, ನಾನು ಬೆಂಗಳೂರಿನ ಮನೆಯಲ್ಲಿ. ನಡುವೆ ಒಂದು ಆನ್‌ಲೈನ್ ಮೀಟಿಂಗ್.

‘ಸರ್, ನಿಮ್ಮ ಕಂಪ್ಯೂಟರಲ್ಲಿ ಪೇಜ್‌ಮೇಕರ್ ಇದೆಯಾ? ನುಡಿ ಹಾಕಿದ್ದೀರಾ?’ ಎಂದು ಕೇಳಿದರು. ಪುಟ ಕಟ್ಟುವ ಆ ಸಾಫ್ಟ್‌ವೇರೂ ಕನ್ನಡದ ಆ ಫಾಂಟೂ ಎರಡೂ ಇರಲಿಲ್ಲ. ‘ಹಾಗಾದ್ರೆ ನಿಮಗೆ ಕಾಣಲ್ಲ ಬಿಡಿ, ಪಿಡಿಎಫ್ ಕಳಿಸ್ತೀನಿ’ ಎಂದರು. ‘ಒಂದ್ಸಲ ಶೇರ್ ಮಾಡಿ, ನೋಡೋಣ’ ಎಂದೆ. ಮಾಡಿದರು. ಅಧ್ಯಕ್ಷರ ಮಾತಿನ ಪುಟ ಒತ್ತಕ್ಷರ, ದೀರ್ಘ ಸಮೇತ ಅಚ್ಚುಕಟ್ಟಾಗಿ ನನ್ನ ಪರದೆಗೆ ಬಂತು. ಕಂಟ್ರೋಲ್ ಕೇಳಿದೆ, ಕೊಟ್ಟರು. ‘ಆರ್ಶೀವಾದ’ ಎಂದಿದ್ದುದನ್ನು ‘ಆಶೀರ್ವಾದ’ ಮಾಡಿ ಸೇವ್ ಒತ್ತಿದೆ. ‘ತಿದ್ದಿದ ಫೈಲು ಈಗ ನಿಮ್ಮ ಹತ್ರ ಇದೆಯಲ್ಲ ಸರ್, ವಾಟ್ಸ್‌ಆ್ಯಪ್ ಮಾಡಿಬಿಡಿ’ ಎಂದರು. ಆ ಫೈಲು ಅವರ ಕಂಪ್ಯೂಟರಿನಲ್ಲೇ, ಅದೇ ಫೋಲ್ಡರಿನಲ್ಲೇ ಇತ್ತು.

ಎರಡು ದಶಕ ಕಂಪ್ಯೂಟರಿನ ಮುಂದೆ ಕೂತು ನೂರಾರು ಪುಸ್ತಕ ಕಟ್ಟಿದವರ ಪ್ರಶ್ನೆಗಳಿವು. 2020ರ ಲಾಕ್‌ಡೌನ್ ಬಂದಾಗ ಮೇಷ್ಟ್ರು, ವಕೀಲರು, ಗುಮಾಸ್ತರು, ಅಜ್ಜ ಅಜ್ಜಿಯರು ಎಲ್ಲರೂ ರಾತ್ರೋರಾತ್ರಿ ಮೀಟಿಂಗಿಗೆ ಸೇರಬೇಕಾಯಿತು. ಯಾವ ಬಟನ್ ಒತ್ತಬೇಕು ಎಂಬುದನ್ನು ಹೇಳಿಕೊಟ್ಟರು, ಒತ್ತಿದರೆ ಒಳಗೆ ಏನಾಗುತ್ತದೆ ಎಂಬುದನ್ನು ಹೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಹಾಗಾಗಿ ಉಳಿದುಕೊಂಡ ತಪ್ಪು ಕಲ್ಪನೆಗಳಲ್ಲಿ ಕೆಲವು ಬರೀ ಸಮಯ ತಿನ್ನುತ್ತವೆ, ಕೆಲವು ಬ್ಯಾಂಕ್ ಖಾತೆಯನ್ನೇ ಬರಿದು ಮಾಡುತ್ತವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಶೇರ್ ಮಾಡಿದರೆ ಫೈಲೇ ಅವರಿಗೆ ಹೋಗುತ್ತದೆ. ನೋಡಬೇಕಾದರೆ ಅವರಲ್ಲೂ ಅದೇ ಸಾಫ್ಟ್‌ವೇರ್ ಇರಬೇಕು.

ಸತ್ಯ: ಹೋಗುವುದು ಚಿತ್ರ ಮಾತ್ರ. ಸಾಫ್ಟ್‌ವೇರ್ ಓಡುವುದು ಶೇರ್ ಮಾಡಿದವರ ಕಂಪ್ಯೂಟರಿನಲ್ಲಿ. ಅದರ ಪರದೆಯ ಮೇಲೆ ಮೂಡಿದ್ದು ಕ್ಷಣಕ್ಷಣಕ್ಕೂ ಚಿತ್ರವಾಗಿ ಉಳಿದವರನ್ನು ತಲುಪುತ್ತದೆ. ನುಡಿ ಫಾಂಟಿನಲ್ಲಿ ಅಕ್ಷರ ಬಿಡಿಸುವ ಕೆಲಸ ಮೈಸೂರಿನಲ್ಲೇ ಮುಗಿದಿತ್ತು, ನನಗೆ ಬಂದದ್ದು ಬಿಡಿಸಿದ ಅಕ್ಷರದ ಪಟ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಅದೇ ಬರಹವನ್ನು ವರ್ಡ್ ಫೈಲಾಗಿ ಕಳಿಸಿದ್ದರೆ, ಫಾಂಟ್ ಇಲ್ಲದ ನನ್ನ ಕಂಪ್ಯೂಟರು ಅದನ್ನು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರಿಸುತ್ತಿತ್ತು.

ಕಂಟ್ರೋಲ್ ಸಿಕ್ಕಾಗ ನನ್ನ ಕಡೆಯಿಂದ ಹೋದದ್ದೂ ಇಷ್ಟೇ: ಮೌಸ್ ಎಲ್ಲಿ ಸರಿಯಿತು, ಯಾವ ಕೀ ಒತ್ತಿದೆ ಎಂಬ ಸುದ್ದಿ. ಆದ್ದರಿಂದ ಸೇವ್ ಮಾಡಿದರೆ ಅವರ ಡಿಸ್ಕಿನಲ್ಲಿ ಉಳಿಯುತ್ತದೆ, ಪ್ರಿಂಟ್ ಒತ್ತಿದರೆ ಅವರ ಪ್ರಿಂಟರಿನಿಂದ ಕಾಗದ ಹೊರಬರುತ್ತದೆ. ಅವರ ಕಡೆ ಕರೆಂಟ್ ಹೋದರೆ ಎಲ್ಲರ ಪರದೆಯಿಂದಲೂ ಪುಟ ಮಾಯ.

ಈ ಉಪಾಯ ಝೂಮ್ ಕಾಲದ್ದೂ ಅಲ್ಲ. 1968ರ ಡಿಸೆಂಬರ್ 9ರಂದು ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ಸಭಾಂಗಣವೊಂದರಲ್ಲಿ ಕೂತು, ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಬರಹವನ್ನು ಪರದೆಯ ಮೇಲೆ ಹಂಚಿಕೊಂಡು ತೋರಿಸಿದರು. ಮೌಸನ್ನು ಜನ ಮೊದಲು ಕಂಡದ್ದೂ ಆ ಪ್ರದರ್ಶನದಲ್ಲೇ. 1996ರಲ್ಲಿ ಮೈಕ್ರೋಸಾಫ್ಟ್ ಹೊರತಂದ ನೆಟ್‌ಮೀಟಿಂಗ್ ಈ ಸೌಲಭ್ಯವನ್ನು ಮನೆಯ ಕಂಪ್ಯೂಟರಿಗೂ ತಂದಿತು.

ತಪ್ಪು ಕಲ್ಪನೆ 2: ಸ್ಕ್ರೀನ್ ಶೇರ್ ಮಾಡಿದ ಕೂಡಲೇ ಮೀಟಿಂಗಿನಲ್ಲಿರುವ ಯಾರು ಬೇಕಾದರೂ ನನ್ನ ಕಂಪ್ಯೂಟರಿಗೆ ಕೈ ಹಾಕಬಹುದು.

ಸತ್ಯ: ನೋಡಲು ಕೊಡುವ ಅಪ್ಪಣೆ ಒಂದು, ಕೈಯಾಡಿಸಲು ಕೊಡುವ ಅಪ್ಪಣೆ ಇನ್ನೊಂದು. ಝೂಮ್‌ನಲ್ಲಾಗಲಿ ಟೀಮ್ಸ್‌ನಲ್ಲಾಗಲಿ ಕಂಟ್ರೋಲ್ ಬೇಕಾದವರು ಕೇಳಬೇಕು, ನೀವು ಒಪ್ಪಬೇಕು. ಇಲ್ಲವೇ ನೀವಾಗಿಯೇ ಹೆಸರು ಆರಿಸಿ ಕೊಡಬೇಕು. ಆ್ಯಪಲ್ ಮ್ಯಾಕ್‌ನಲ್ಲಂತೂ ಇವೆರಡಕ್ಕೂ ಬೇರೆ ಬೇರೆ ಬೀಗ: ಪರದೆ ತೋರಿಸಲು ‘ಸ್ಕ್ರೀನ್ ರೆಕಾರ್ಡಿಂಗ್’ ಅನುಮತಿ, ಮೌಸ್ ಬಿಟ್ಟುಕೊಡಲು ‘ಆ್ಯಕ್ಸೆಸಿಬಿಲಿಟಿ’ ಅನುಮತಿ. ಬ್ರೌಸರಿನೊಳಗೇ ನಡೆಯುವ ಮೀಟಿಂಗಿನಲ್ಲಿ ಇನ್ನೂ ಬಿಗಿ. ನಿಮ್ಮ ಕಂಪ್ಯೂಟರಿನ ಮೌಸನ್ನು ತಾನಾಗಿ ಓಡಿಸುವ ಅಧಿಕಾರವನ್ನು ಬ್ರೌಸರ್ ಯಾವ ವೆಬ್ ಪುಟಕ್ಕೂ ಕೊಡುವುದಿಲ್ಲ.

ಅಂದರೆ ಸ್ಲೈಡ್ ತೋರಿಸಿ ಪಾಠ ಮಾಡುವ ಮೇಷ್ಟ್ರು ಹೆದರಬೇಕಾದ್ದಿಲ್ಲ. ಪಾಠದ ನಡುವೆ ‘ಇಂಥವರು ಕಂಟ್ರೋಲ್ ಕೇಳುತ್ತಿದ್ದಾರೆ’ ಎಂಬ ಪೆಟ್ಟಿಗೆ ಎದ್ದರೆ ಮಾತ್ರ ಮಾತು ನಿಲ್ಲಿಸಿ ಓದಬೇಕು. ಬೇಗ ತೊಲಗಲಿ ಎಂದು ಓಕೆ ಒತ್ತಿದಿರೋ, ಅಲ್ಲಿಗೆ ಎರಡನೆಯ ಬೀಗವೂ ತೆರೆಯಿತು.

ತಪ್ಪು ಕಲ್ಪನೆ 3: ಒಂದೇ ವಿಂಡೋ ಶೇರ್ ಮಾಡಿದರೆ ಉಳಿದದ್ದೆಲ್ಲ ಭದ್ರ.

ಸತ್ಯ: ನೋಡುವ ಮಟ್ಟಿಗೆ ಇದು ಬಹುಪಾಲು ನಿಜ, ಒಳ್ಳೆಯ ಅಭ್ಯಾಸವೂ ಹೌದು. ಇಡೀ ಸ್ಕ್ರೀನ್ ಕೊಟ್ಟರೆ ಬಲಮೂಲೆಯಲ್ಲಿ ಏಳುವ ವಾಟ್ಸ್‌ಆ್ಯಪ್ ಸಂದೇಶವೂ ಸಭೆಗೆ ಕಾಣುತ್ತದೆ. ಡೆಸ್ಕ್‌ಟಾಪಿನ ಮೇಲೆ ‘ಸಂಬಳ ಪಟ್ಟಿ’ ಎಂದು ಹೆಸರಿಟ್ಟ ಫೈಲೂ ಕಾಣುತ್ತದೆ. ವಿಂಡೋ ಒಂದನ್ನೇ ಕೊಟ್ಟರೆ ಈ ಮುಜುಗರವಿಲ್ಲ. ಬ್ರೌಸರ್ ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಒಂದೇ ಟ್ಯಾಬ್ ಕೊಡಬಹುದು. ಇಡೀ ಬ್ರೌಸರ್ ವಿಂಡೋ ಕೊಟ್ಟಾಗ ನೀವು ಟ್ಯಾಬ್ ಬದಲಿಸಿದ ಹಾಗೆಲ್ಲ ನೋಡುವವರೂ ಹಿಂದೆಯೇ ಬರುತ್ತಾರೆ ಎಂಬುದು ನೆನಪಿರಲಿ.

ಕಂಟ್ರೋಲ್ ಕೊಟ್ಟಾಗ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ನೀವು ವರ್ಡ್ ಒಂದನ್ನೇ ಬಿಟ್ಟುಕೊಟ್ಟಿದ್ದೀರಿ ಎಂದುಕೊಳ್ಳಿ. ಅದರ ಫೈಲ್ ಮೆನುವಿನಲ್ಲಿ ಓಪನ್ ಇದೆ. ಅದನ್ನು ಒತ್ತಿದರೆ ತೆರೆಯುವ ಪೆಟ್ಟಿಗೆಯಲ್ಲಿ ನಿಮ್ಮ ಫೋಲ್ಡರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಅಲ್ಲಿಂದ ಬೇರೆ ಫೈಲು ತೆರೆಯಬಹುದು, ಹೆಸರು ಬದಲಿಸಬಹುದು, ಅಳಿಸಲೂಬಹುದು. ಹೊರಬಾಗಿಲು ಒಂದೇ ಆದರೂ ಅದು ತೆರೆದುಕೊಳ್ಳುವುದು ಹಜಾರಕ್ಕೆ. ನೆಟ್‌ಮೀಟಿಂಗ್ ಕಾಲದಲ್ಲೇ ಇದು ಗೊತ್ತಿತ್ತು. ಆಗ ‘ಮೈ ಕಂಪ್ಯೂಟರ್’ನಂಥ ಒಂದು ಫೋಲ್ಡರ್ ವಿಂಡೋ ಶೇರ್ ಮಾಡಿದರೆ ತೆರೆದಿದ್ದ ಎಲ್ಲ ಫೋಲ್ಡರುಗಳೂ ಅದರ ಜೊತೆ ಶೇರ್ ಆಗುತ್ತಿದ್ದವು. ಆಮೇಲೆ ಶುರುಮಾಡಿದ ಪ್ರೋಗ್ರಾಮುಗಳೂ ತಾವಾಗಿ ಸಭೆಗೆ ಸೇರಿಕೊಳ್ಳುತ್ತಿದ್ದವು. ಹೊಸ ಆ್ಯಪುಗಳು ಇಷ್ಟು ಉದಾರಿಗಳಲ್ಲ. ಆದರೂ ಕಂಟ್ರೋಲ್ ಇನ್ನೊಬ್ಬರ ಕೈಯಲ್ಲಿರುವಷ್ಟು ಹೊತ್ತು ಪರದೆಯಿಂದ ಕಣ್ಣು ತೆಗೆಯಬಾರದು, ಚಹಾ ತರಲು ಏಳಬಾರದು.

ತಪ್ಪು ಕಲ್ಪನೆ 4: ಒಮ್ಮೆ ಕೊಟ್ಟ ಕಂಟ್ರೋಲ್ ಮೀಟಿಂಗ್ ಮುಗಿಯುವವರೆಗೂ ವಾಪಸ್ ಬರುವುದಿಲ್ಲ. ಮುಗಿದ ಮೇಲೆ ಯಾವ ಕುರುಹೂ ಉಳಿಯುವುದಿಲ್ಲ.

ಸತ್ಯ: ಎರಡೂ ತಪ್ಪು. ಝೂಮ್‌ನಲ್ಲಿ ನೀವು ನಿಮ್ಮ ಮೌಸಿನಿಂದ ಒಂದು ಕ್ಲಿಕ್ ಮಾಡಿದರೆ ಕಂಟ್ರೋಲ್ ನಿಮ್ಮ ಕೈಗೆ ಬರುತ್ತದೆ. ಆದರೆ ಅಪ್ಪಣೆ ಇನ್ನೂ ರದ್ದಾಗಿರುವುದಿಲ್ಲ. ಎದುರಿನವರು ಕ್ಲಿಕ್ ಮಾಡಿದರೆ ಮತ್ತೆ ಅವರ ಪಾಲಾಗುತ್ತದೆ. ಪೂರ್ತಿ ಕಿತ್ತುಕೊಳ್ಳಬೇಕಾದರೆ ಶೇರಿಂಗ್ ಪಟ್ಟಿಯಲ್ಲಿ ಕಂಟ್ರೋಲ್ ನಿಲ್ಲಿಸುವ ಆಯ್ಕೆಯನ್ನೇ ಒತ್ತಬೇಕು. ಗಾಬರಿಯಾದರೆ ಶೇರ್ ಅನ್ನೇ ನಿಲ್ಲಿಸಿ. ಚಿತ್ರ ನಿಂತರೆ ಕಂಟ್ರೋಲೂ ನಿಲ್ಲುತ್ತದೆ.

ಇನ್ನು ಕುರುಹಿನ ಮಾತು. ಕಂಟ್ರೋಲ್ ಪಡೆದವರು ಮಾಡಿದ್ದೆಲ್ಲ ನಿಮ್ಮ ಲಾಗಿನ್ನಿನಲ್ಲಿ, ನಿಮ್ಮ ಹೆಸರಿನಲ್ಲಿ ನಡೆದಿರುತ್ತದೆ. ನಿಮ್ಮ ಮೇಲ್ ತೆರೆದಿದ್ದಾಗ ಅವರು ಸೆಂಡ್ ಒತ್ತಿದರೆ ಅದು ನೀವು ಕಳಿಸಿದ ಮೇಲ್. ಕಚೇರಿಯ ತಂತ್ರಾಂಶದಲ್ಲಿ ಅವರು ಅಪ್ರೂವ್ ಒತ್ತಿದರೆ ಅಪ್ರೂವ್ ಮಾಡಿದವರು ನೀವೆಂದೇ ದಾಖಲಾಗುತ್ತದೆ. ಶೇರ್ ಮಾಡುವಾಗ ಹೋಗುವುದು ಚಿತ್ರ. ಕಂಟ್ರೋಲ್ ಕೊಡುವಾಗ ಹೋಗುವುದು ನಿಮ್ಮ ಸಹಿ. ಮೀಟಿಂಗಿನಲ್ಲಿದ್ದಾಗ ಅವರು ನಿಮ್ಮ ಕಂಪ್ಯೂಟರಿಗೆ ಬೇರೊಂದು ಪ್ರೋಗ್ರಾಮ್ ಹಾಕಿಬಿಟ್ಟಿದ್ದರಂತೂ ಮೀಟಿಂಗ್ ಮುಚ್ಚಿದರೂ ಅದು ಅಲ್ಲೇ ಇರುತ್ತದೆ.

ತಪ್ಪು ಕಲ್ಪನೆ 5: ಎನ್‌ಕ್ರಿಪ್ಷನ್ ಇದೆಯಲ್ಲ, ತೋರಿಸಿದ್ದು ಹೊರಗೆ ಹೋಗುವುದಿಲ್ಲ.

ಸತ್ಯ: ಎನ್‌ಕ್ರಿಪ್ಷನ್ ಕಾಯುವುದು ದಾರಿಯನ್ನು. ಝೂಮ್ 2020ರ ಅಕ್ಟೋಬರಿನಲ್ಲಿ ತಂದ ‘ಎಂಡ್ ಟು ಎಂಡ್’ ಸೌಲಭ್ಯವೂ ಅಷ್ಟೇ: ನಡುದಾರಿಯಲ್ಲಿ ಯಾರೂ ಕದ್ದು ನೋಡದಂತೆ ಅದು ತಡೆಯುತ್ತದೆ. ದಾರಿಯ ತುದಿಯಲ್ಲಿ ಕೂತವರು ಸ್ಕ್ರೀನ್‌ಶಾಟ್ ತೆಗೆದರೆ, ಮೊಬೈಲಿನಲ್ಲಿ ಫೋಟೊ ಹೊಡೆದರೆ ಅದರಿಂದ ಏನೂ ಮಾಡಲಾಗದು. ಕಾಗದದಲ್ಲಿ ಬರೆದು ಆ ಸಭೆಯಲ್ಲಿ ಹಂಚಲು ಹಿಂಜರಿಯುವುದನ್ನು ಪರದೆಯ ಮೇಲೂ ತೋರಿಸಬಾರದು.

ತಪ್ಪು ಕಲ್ಪನೆ 6: ಸ್ಕ್ರೀನ್ ಶೇರ್‌ಗೆ ನೆಟ್ ತುಂಬಾ ಬೇಕು, ಹಳ್ಳಿಯಲ್ಲಿ ಆಗದ ಕೆಲಸ.

ಸತ್ಯ: ಬದಲಾಗದ ಪುಟವನ್ನು ಮತ್ತೆ ಮತ್ತೆ ಕಳಿಸಬೇಕಾದ್ದಿಲ್ಲ, ಬದಲಾದ ಭಾಗ ಹೋದರೆ ಸಾಕು. ಝೂಮ್ ಹೇಳುವ ಲೆಕ್ಕದಲ್ಲಿ ಮುಖದ ವಿಡಿಯೋ ಇಲ್ಲದ ಬರೀ ಸ್ಕ್ರೀನ್ ಶೇರ್‌ಗೆ ಸೆಕೆಂಡಿಗೆ 50ರಿಂದ 75 ಕಿಲೋಬಿಟ್ ಸಾಕು. ಅದು ಮಾತಿನ ಧ್ವನಿಗೆ ಬೇಕಾದಷ್ಟೇ. ನೆಟ್ ಕುಂಟುತ್ತಿದ್ದರೆ ಕ್ಯಾಮೆರಾ ಮುಚ್ಚಿ, ಶೇರ್ ಉಳಿಸಿಕೊಳ್ಳಿ. ಸಿನಿಮಾ ತುಣುಕು ಓಡಿಸಿದಾಗ ಮಾತ್ರ ಹೊರೆ ಹೆಚ್ಚುತ್ತದೆ. ಆಗ ಇನ್ನೊಂದು ಮಾತು: ಝೂಮ್‌ನಲ್ಲಿ ‘ಶೇರ್ ಸೌಂಡ್’ ಗುರುತು ಹಾಕದಿದ್ದರೆ ಆ ತುಣುಕಿನ ಧ್ವನಿ ನೇರವಾಗಿ ಅವರಿಗೆ ಹೋಗುವುದಿಲ್ಲ.

ತಪ್ಪು ಕಲ್ಪನೆ 7: ಪರದೆ ನೋಡಿದರೆ ಏನಾಯಿತು? ಪಿನ್ ಹೇಳದಿದ್ದರೆ ಸಾಕು.

ಸತ್ಯ: ಈ ಒಂದು ನಂಬಿಕೆಯಿಂದ ಎಷ್ಟೋ ಮನೆಗಳ ಉಳಿತಾಯ ಹೋಗಿದೆ. ‘ಬ್ಯಾಂಕಿನಿಂದ ಮಾತಾಡ್ತಿದೀವಿ, ಕೆವೈಸಿ ಅವಧಿ ಮುಗಿದಿದೆ, ಸಹಾಯ ಮಾಡ್ತೀವಿ, ಸ್ಕ್ರೀನ್ ತೋರಿಸಿ’ ಎಂದು ಶುರುವಾಗುತ್ತದೆ. ಪಿನ್ ಕೇಳುವುದೇ ಇಲ್ಲ, ಆದ್ದರಿಂದಲೇ ಅನುಮಾನ ಬರುವುದಿಲ್ಲ. ಬ್ಯಾಂಕಿನ ಅನೇಕ ಆ್ಯಪುಗಳು ಶೇರ್ ಮಾಡಿದಾಗ ತಮ್ಮ ಪುಟವನ್ನು ಕಪ್ಪಾಗಿಸಿಕೊಳ್ಳುತ್ತವೆ, ನಿಜ. ಆದರೆ ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಆ ಸಾಲು ಪರದೆಯ ತುದಿಯಲ್ಲಿ ಎರಡು ಕ್ಷಣ ಕಂಡರೂ ಆರು ಅಂಕೆ ಓದಿಕೊಳ್ಳಲು ಸಾಕು. 2024ರಲ್ಲಿ ಬಂದ ಆಂಡ್ರಾಯ್ಡ್ 15 ಶೇರ್ ಮಾಡುವಾಗ ಇಂಥ ಸಂದೇಶಗಳನ್ನು ಮರೆಮಾಡುತ್ತದೆ. ಆದರೆ ನಮ್ಮ ಹಿರಿಯರ ಕೈಯಲ್ಲಿರುವುದು ಹೆಚ್ಚಾಗಿ ಮಕ್ಕಳು ಬಳಸಿ ಬಿಟ್ಟ ಹಳೆಯ ಫೋನು.

2019ರ ಫೆಬ್ರುವರಿಯಲ್ಲೇ ರಿಸರ್ವ್ ಬ್ಯಾಂಕ್ ಈ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ವಂಚಕರು ಎನಿಡೆಸ್ಕ್ ಆ್ಯಪ್ ಹಾಕಿಸಿ, ಅದು ತೋರಿಸುವ 9 ಅಂಕಿಗಳ ಕೋಡ್ ಕೇಳಿ ಪಡೆದು, ಗ್ರಾಹಕರ ಫೋನಿನೊಳಗೆ ಇಳಿಯುತ್ತಿದ್ದರು. ಆ ಆ್ಯಪ್ ಸಾವಿರಾರು ಕಚೇರಿಗಳಲ್ಲಿ ದಿನವೂ ಪ್ರಾಮಾಣಿಕ ಕೆಲಸಕ್ಕೆ ಬಳಕೆಯಾಗುತ್ತದೆ. ಕೋಡ್ ಯಾರ ಕೈಗೆ ಕೊಟ್ಟೆವು ಎಂಬುದರ ಮೇಲೆ ಎಲ್ಲ ನಿಂತಿದೆ.

ಕಂಪ್ಯೂಟರ್ ಬಲ್ಲವರೂ ಇದರಿಂದ ಹೊರತಲ್ಲ. 2025ರಲ್ಲಿ ಬೆಳಕಿಗೆ ಬಂದ ಒಂದು ಮೋಸದಲ್ಲಿ, ಕ್ರಿಪ್ಟೋ ವ್ಯವಹಾರದವರನ್ನು ಸಂದರ್ಶನವೆಂದು ಮೀಟಿಂಗಿಗೆ ಕರೆದು ಪರದೆ ಶೇರ್ ಮಾಡಿಸುತ್ತಿದ್ದರು. ಆಮೇಲೆ ವಂಚಕ ತನ್ನ ಹೆಸರನ್ನೇ ‘ಝೂಮ್’ ಎಂದು ಬದಲಿಸಿಕೊಂಡು ಕಂಟ್ರೋಲ್ ಕೇಳುತ್ತಿದ್ದ. ಎದ್ದ ಪೆಟ್ಟಿಗೆಯಲ್ಲಿ ‘ಝೂಮ್ ಕಂಟ್ರೋಲ್ ಕೇಳುತ್ತಿದೆ’ ಎಂದಿರುತ್ತಿತ್ತು. ಅದು ಆ್ಯಪಿನದೇ ಮಾಮೂಲಿ ಸೂಚನೆ ಎಂದು ತಿಳಿದು ಜನ ಒಪ್ಪಿಬಿಡುತ್ತಿದ್ದರು.

ನಿಮ್ಮ ಮನೆಯ ಹಿರಿಯರಿಗೆ ಇವತ್ತೇ ಹೇಳಿ. ತಾವಾಗಿ ಫೋನ್ ಮಾಡಿ ಪರದೆ ತೋರಿಸಿ ಎಂದವರು ಬ್ಯಾಂಕಿನವರಲ್ಲ. ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. ಯುಪಿಐ ಪಿನ್ ಒತ್ತುವುದು ದುಡ್ಡು ಕಳಿಸುವುದಕ್ಕೆ, ಪಡೆಯುವುದಕ್ಕಲ್ಲ. ಅಕಸ್ಮಾತ್ ತೋರಿಸಿಬಿಟ್ಟಿದ್ದರೆ ಮೊದಲು ಫೋನಿನ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಲು ಪ್ರತಿ ನಿಮಿಷವೂ ಮುಖ್ಯ. ನಾಚಿಕೆಯಿಂದ ಮುಚ್ಚಿಟ್ಟುಕೊಂಡ ಒಂದು ಗಂಟೆಯೇ ವಂಚಕರಿಗೆ ಸಿಗುವ ದೊಡ್ಡ ಲಾಭ. ಆದ್ದರಿಂದ ಮನೆಯಲ್ಲಿ ಯಾರೂ ಮೋಸಹೋದ ಹಿರಿಯರನ್ನು ಬೈಯದಿರಲಿ.

ಸ್ಮರಣ ಸಂಚಿಕೆ ಅಚ್ಚಾಗಿ ಬಂತು. ಕೊನೆಯ ಕರಡಿನ ಹೊತ್ತಿಗೆ ಮೈಸೂರಿನವರ ಪದ್ಧತಿಯೇ ಬದಲಾಗಿತ್ತು. ಪೇಜ್‌ಮೇಕರ್ ಒಂದನ್ನೇ ಶೇರ್ ಮಾಡುತ್ತಿದ್ದರು, ಬೇರೆ ಗ್ರಾಹಕರ ಫೈಲುಗಳನ್ನು ಮೊದಲೇ ಮುಚ್ಚಿರುತ್ತಿದ್ದರು. ನಾನು ಕೇಳಿದಾಗ ‘ಕೊಟ್ಟೆ ಸರ್’ ಎನ್ನುವರು. ನಾನು ಕಾಗುಣಿತ ತಿದ್ದುವಾಗ ಕೂತು ನೋಡುವರು. ಸಾಲು ಮುಗಿದ ಕೂಡಲೇ ‘ತಗೊಂಡೆ ಸರ್’ ಎಂದು ಬಾಯಿಬಿಟ್ಟು ಹೇಳಿ, ಬಟನ್ ಒತ್ತಿ, ಆಮೇಲೆ ಮುಂದಿನ ಪುಟ ತೆರೆಯುವರು.