ಕಾರ್ಖಾನೆಯ ಅಂಗಳದಲ್ಲಿ ಬೇಲಿಯ ಹೂಗಳು

ಹೂವು ಕಾಯಾಗಬೇಕಾದರೆ ಪರಾಗವು ಹೂವಿನಿಂದ ಹೂವಿಗೆ ಸಾಗಬೇಕೆಂಬುದನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಅದನ್ನು ಸಾಗಿಸುವ ಜೀವಿಗಳು ಎಲ್ಲಿ ವಾಸಿಸುತ್ತವೆ ಎಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸಿದವರಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಾದ ನಮಗೆ ಇದು ಬರಿಯ ಪಾಠದ ವಿಷಯವಲ್ಲ. ರೇಷ್ಮೆಗೆಂದು ಬೆಳೆಯುವ ಹಿಪ್ಪುನೇರಳೆಯಲ್ಲಿ ಸೊಪ್ಪು ಬಂದರೆ ಸಾಕು, ಮಾವು ಹಾಗಲ್ಲ. ಅದರ ಹೂಗೊಂಚಲಿಗೆ ನೊಣ, ಜೇನು ಮೊದಲಾದ ಕೀಟಗಳು ಬಾರದಿದ್ದರೆ ಫಸಲು ಕುಗ್ಗುತ್ತದೆ.

ಈ ಕೀಟಗಳಿಗೆ ಹಿಂದಿನಿಂದಲೂ ಆಶ್ರಯವಿತ್ತದ್ದು ಹೊಲದ ಬೇಲಿ. ಲಕ್ಕಿ, ಎಕ್ಕ, ತಂಗಡಿಗಳಿಗೆ ಯಾರೂ ನೀರೆರೆದವರಲ್ಲ. ತಂಗಡಿಯ ಸಂಗತಿಯಂತೂ ಬಲು ಸ್ವಾರಸ್ಯವಾದುದು. ಅದರ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದೊಳಗೆ ಅಡಗಿರುತ್ತದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿಯು ಹೂವನ್ನು ಅಪ್ಪಿ ಹಿಡಿದು ಝೇಂಕರಿಸಿದರೆ, ಆ ಕಂಪನಕ್ಕೆ ಪರಾಗ ಉದುರುತ್ತದೆ. ಬದನೆ, ಟೊಮೇಟೊ ಹೂಗಳ ರಚನೆಯೂ ಇಂಥದೇ. ತಂಗಡಿಯ ಬೇಲಿಯನ್ನು ಕಡಿದವನು ತನ್ನ ಬದನೆಯ ಕೂಲಿಯಾಳನ್ನೇ ಓಡಿಸಿದಂತಾಯಿತು!

ಬೇಲಿ ಹೋದಲ್ಲಿ ಕಾರ್ಖಾನೆ ಬಂದರೆ ಏನು ಮಾಡಬೇಕು? ನಮ್ಮ ಬಿಡದಿಯಲ್ಲಿಯೇ ಒಂದು ನಿದರ್ಶನವಿದೆ. 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಗೆ 2009ರ ಸುಮಾರಿಗೆ ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಬಂದರು. ಸ್ಥಳೀಯ ಜಾತಿಯ ಸಸಿಗಳನ್ನು ಒತ್ತೊತ್ತಾಗಿ ನೆಡುವ ತಮ್ಮ ಕ್ರಮದಿಂದ ಆವರಣದಲ್ಲಿ ಕಾಡು ಬೆಳೆಸುವುದನ್ನು ತೋರಿಸಿಕೊಟ್ಟರು. ಅಲ್ಲಿ ಇಂಜಿನಿಯರಾಗಿದ್ದ ಶುಭೇಂದು ಶರ್ಮಾ ಮುಂದೆ ಕೆಲಸ ಬಿಟ್ಟು ಕಾಡು ನೆಡುವುದನ್ನೇ ವೃತ್ತಿಯಾಗಿ ಕೈಗೊಂಡರು.

ಆದರೆ ಒತ್ತಾದ ಕಾಡಿನ ತಳದಲ್ಲಿ ನೆರಳು. ತಂಗಡಿ, ತುಂಬೆಗಳಿಗೆ ಬೇಕಾದುದು ಬಿಸಿಲು. ಆದುದರಿಂದ ಕಾಡಿನ ಪಕ್ಕದಲ್ಲಿ ಬೇಲಿಯ ಮಾದರಿಯ ತೋಟವೂ ಇರಬೇಕೆಂದು ನನ್ನ ಅಭಿಪ್ರಾಯ. ಬೇಸಿಗೆಗೆ ಹೊಂಗೆ, ಮಳೆ ಬಿದ್ದ ಮೇಲೆ ತುಂಬೆ, ನಡುನಡುವೆ ಲಕ್ಕಿ, ತುಳಸಿ ಹೀಗೆ ಯಾವ ತಿಂಗಳೂ ಹೂವಿಲ್ಲದೆ ಹೋಗಬಾರದು. ದಳದ ಮೇಲೆ ದಳವಿರುವ ದಾಸವಾಳ, ಗುಲಾಬಿಗಳು ಕಣ್ಣಿಗೆ ಚೆಂದ. ಕೇಸರಗಳೇ ದಳಗಳಾಗಿರುವುದರಿಂದ ದುಂಬಿಗೆ ಅಲ್ಲಿ ಹೆಚ್ಚೇನೂ ದೊರೆಯದು. ಎಕ್ಕ, ಕರಿಬೇವಿನ ಎಲೆಯನ್ನು ಹುಳು ತಿಂದರೆ ಮಾಲಿಯು ಔಷಧಿ ಸಿಂಪಡಿಸಬಾರದು. ಆ ಹುಳುವೇ ನಾಳಿನ ಚಿಟ್ಟೆ.

ಜೇನುಪೆಟ್ಟಿಗೆಗಳನ್ನು ತಂದಿಟ್ಟರೆ ಸಾಲದೆ ಎಂದು ಕೇಳುವವರುಂಟು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ತಗಲಿ ಕರ್ನಾಟಕದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ಒಂದೇ ಜಾತಿಯನ್ನು ನಂಬಿದರೆ ಹೀಗೆಯೇ. ಒಂಟಿಯಾಗಿ ಬಾಳುವ ಜೇನುಜಾತಿಗಳೇ ಹೆಚ್ಚು. ಅವುಗಳಲ್ಲಿ ಬಹಳಷ್ಟು ನೆಲದಲ್ಲಿ, ಕೆಲವು ಒಣಗಿದ ಕಡ್ಡಿ ಕೊರಡುಗಳಲ್ಲಿ ಗೂಡು ಮಾಡುತ್ತವೆ. ಅಂಗಳವನ್ನೆಲ್ಲ ಹುಲ್ಲುಹಾಸು, ಸಿಮೆಂಟುಗಳಿಂದ ಮುಚ್ಚದೆ, ಮಾವಿನ ತೋಪಿನ ಕಡೆಗಿರುವ ಗೋಡೆಯ ಬದಿಯಲ್ಲಾದರೂ ಒಂದಿಷ್ಟು ಬರಿನೆಲವನ್ನು ಬಿಡಬೇಕು.